ಕಪ್ಪು ಗಂಟಿನ ಗುಟ್ಟು, ಸೂಜಿಮೊನೆಯ ಸಾಕ್ಷಿ

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಹಂಟೇರಿಯನ್ ವಸ್ತುಸಂಗ್ರಹಾಲಯದಲ್ಲಿ ಮನುಷ್ಯದೇಹದಿಂದ ತೆಗೆದ ಒಂದು ಗಂಟನ್ನು ದ್ರಾವಣದಲ್ಲಿ ಕೆಡದಂತೆ ಕಾಪಾಡಿ ಇಡಲಾಗಿದೆ. ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ 1787ರಲ್ಲಿ ಅದನ್ನು 35 ವರ್ಷದ ಒಬ್ಬ ವ್ಯಕ್ತಿಯ ದವಡೆಯ ಮೂಲೆಯಿಂದ ಕತ್ತರಿಸಿ ತೆಗೆದರು. ಗಂಟಿನ ಒಂದು ಭಾಗ ಬೆಳ್ಳಗೆ, ಇನ್ನೊಂದು ಭಾಗ ಮೆತ್ತಗೆ, ಕಪ್ಪಗೆ. ಅದು ಒಮ್ಮೆ ತೆಗೆದ ಮೇಲೂ ಮತ್ತೆ ಬೆಳೆದ ಗಂಟು. ಕ್ಯಾನ್ಸರಿನ ಜಾತಿಗೆ ಸೇರಿದ ಅಣಬೆಯಂಥ ಬೆಳವಣಿಗೆ ಎಂದು ಹಂಟರ್ ಬರೆದಿಟ್ಟರು. ಆ ಕಪ್ಪು ಬಣ್ಣ ಎಲ್ಲಿಂದ ಬಂತು, ಗಂಟಿನ ಮೂಲ ಯಾವುದು ಎಂಬುದು ಅವರಿಗೆ ತಿಳಿಯಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರ ಮೇ ತಿಂಗಳಿನಲ್ಲಿ, ಆ ಸಂಗ್ರಹಾಲಯದ ಮೇಲೆ ಬಾಂಬು ಬಿತ್ತು. ಹಂಟರ್ ಕೂಡಿಸಿಟ್ಟಿದ್ದ ವಸ್ತುಗಳಲ್ಲಿ ಬಹುಪಾಲು ಹಾಳಾದವು. ಈ ಗಂಟು ಮಾತ್ರ ಉಳಿಯಿತು. 1968ರಲ್ಲಿ ಅದರಿಂದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಗುಟ್ಟು ಹೊರಬಿತ್ತು. ಅದು ಚರ್ಮದ ಬಣ್ಣದ ಕಣಗಳಲ್ಲಿ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರು. ಹುಟ್ಟಿದ ಜಾಗ ಬಿಟ್ಟು ಬೇರೆಡೆಗೆ ಹರಡಿದ್ದು.

ಒಂದು ಗಂಟು ತನ್ನ ಹೆಸರು ಹೇಳಲು 181 ವರ್ಷ ಹಿಡಿಯಿತು. ಇಂದು ಅದೇ ಗಂಟನ್ನು ಹೊತ್ತ ರೋಗಿ ಜಿಲ್ಲಾ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಬಂದರೆ ಉತ್ತರಕ್ಕೆ ಹೆಚ್ಚೆಂದರೆ ಕೆಲವು ದಿನ ಸಾಕು. ಕತ್ತಿ ಬೇಡ, ಅರಿವಳಿಕೆ ಬೇಡ, ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಬೇಕಾದದ್ದು ಇಂಜೆಕ್ಷನ್ ಕೊಡುವಂಥ ಒಂದು ಸೂಜಿ, ನಾಲ್ಕಾರು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ, ಅದರ ಹಿಂದೆ ಪಳಗಿದ ಒಂದು ಜೊತೆ ಕಣ್ಣು. ವೈದ್ಯರ ಚೀಟಿಯಲ್ಲಿ ಇದಕ್ಕೆ ‘ಎಫ್‌ಎನ್‌ಎಸಿ’ ಎಂದು ಬರೆದಿರುತ್ತದೆ. ಜನರ ಬಾಯಲ್ಲಿ ‘ಸೂಜಿ ಪರೀಕ್ಷೆ’.

ಇಷ್ಟು ಸರಳವಾದ ಪರೀಕ್ಷೆಗೂ ನಮ್ಮಲ್ಲಿ ಹೆದರುವವರು ಕಡಿಮೆಯಿಲ್ಲ. ‘ಗಂಟಿಗೆ ಸೂಜಿ ತಾಗಿಸಬಾರದು, ತಾಗಿಸಿದರೆ ಕೆರಳುತ್ತದೆ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಈ ಹೆದರಿಕೆಯಿಂದ ಕಳೆದುಹೋಗುವ ತಿಂಗಳುಗಳಿಗೆ ಬೆಲೆ ತೆರುವವರು ರೋಗಿಗಳು. ಆದ್ದರಿಂದಲೇ ಸೂಜಿಯ ಚರಿತ್ರೆಯನ್ನೂ ಅದರ ಶಕ್ತಿ-ಮಿತಿಗಳನ್ನೂ ತಿಳಿಯುವುದು ಒಳ್ಳೆಯದು.

ಕಪ್ಪಿಗೊಂದು ಹೆಸರು

ಮೆಲನೋಮ ಹೊಸ ಕಾಯಿಲೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ದೊರೆತ, ಸುಮಾರು 2,400 ವರ್ಷ ಹಳೆಯ ಮಮ್ಮಿಗಳ ಎಲುಬಿನಲ್ಲಿ ಈ ರೋಗ ಹರಡಿದ ಗುರುತುಗಳನ್ನು ಕಂಡದ್ದಾಗಿ 1966ರಲ್ಲಿ ವರದಿಯಾಯಿತು. ನಮ್ಮ ಸುಶ್ರುತ ಸಂಹಿತೆಯಲ್ಲಿ ‘ಗ್ರಂಥಿ’, ‘ಅರ್ಬುದ’ಗಳ ವಿವರಣೆ ಇದೆ. ಒಂದು ಅರ್ಬುದದ ಜೊತೆಗೋ ಅದರ ನಂತರವೋ ಇನ್ನೊಂದು ಹುಟ್ಟಿದರೆ ಅದನ್ನು ‘ದ್ವಿರರ್ಬುದ’ ಎಂದು ಕರೆದು, ಅದು ಗುಣವಾಗದ್ದು ಎಂದು ಗ್ರಂಥ ಹೇಳುತ್ತದೆ. ಒಂದು ಗಂಟು ಎರಡಾದರೆ ಕೆಡುಕು ಹೆಚ್ಚು ಎಂಬ ಅನುಭವ ಅಷ್ಟು ಹಳೆಯದು.

ಕಪ್ಪು ಗಂಟುಗಳನ್ನು ಪ್ರತ್ಯೇಕ ರೋಗವೆಂದು ಗುರುತಿಸಿದವರು ಫ್ರಾನ್ಸಿನ ವೈದ್ಯ ರೆನೆ ಲೆನೆಕ್. ಮುಂದೆ 1816ರಲ್ಲಿ ಸ್ಟೆತಾಸ್ಕೋಪನ್ನು ರೂಪಿಸಿದವರೂ ಇವರೇ. 1804ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಇದನ್ನು ವಿವರಿಸಿದರು. ಎರಡು ವರ್ಷದ ನಂತರ ಅದು ಅಚ್ಚಾಯಿತು. ಗ್ರೀಕ್ ಭಾಷೆಯಲ್ಲಿ ‘ಮೆಲಾಸ್’ ಎಂದರೆ ಕಪ್ಪು. ಲೆನೆಕ್ ಇಟ್ಟ ಹೆಸರು ‘ಮೆಲನೋಸಿಸ್’. 1820ರಲ್ಲಿ ವಿಲಿಯಂ ನಾರಿಸ್ ಎಂಬ ಇಂಗ್ಲೆಂಡಿನ ವೈದ್ಯರು ತಮ್ಮೊಬ್ಬ ರೋಗಿಯ ಕಥೆಯನ್ನು ವಿವರವಾಗಿ ಬರೆದರು. ಆ ರೋಗಿಯ ತಂದೆಯೂ ಅಂಥದೇ ಕಾಯಿಲೆಯಿಂದ ಸತ್ತಿದ್ದುದನ್ನು ಗಮನಿಸಿ, ಇದು ಕೆಲವು ಮನೆತನಗಳಲ್ಲಿ ಹರಿದು ಬರಬಹುದೆಂದು ಊಹಿಸಿದರು. 1838ರಲ್ಲಿ ರಾಬರ್ಟ್ ಕಾರ್ಸ್‌ವೆಲ್ ‘ಮೆಲನೋಮ’ ಎಂಬ ಇಂದಿನ ಹೆಸರನ್ನು ಬಳಕೆಗೆ ತಂದರು.

1840ರಲ್ಲಿ ಸ್ಯಾಮ್ಯುಯೆಲ್ ಕೂಪರ್ ಎಂಬ ಶಸ್ತ್ರವೈದ್ಯರು ಒಂದು ಕಹಿ ಸತ್ಯವನ್ನು ಹೇಳಿದರು. ಹರಡಿದ ಮೆಲನೋಮಕ್ಕೆ ಮದ್ದಿಲ್ಲ, ರೋಗಿಗೆ ಇರುವ ಒಂದೇ ಅವಕಾಶ ಅದನ್ನು ಮೊದಲಲ್ಲೇ ಕತ್ತರಿಸಿ ತೆಗೆಯುವುದು ಎಂಬುದು ಅವರ ಮಾತಿನ ಸಾರ. ಆಮೇಲಿನ ಸುಮಾರು 170 ವರ್ಷ ಈ ಮಾತು ಹೆಚ್ಚುಕಡಿಮೆ ಹಾಗೆಯೇ ನಿಂತಿತ್ತು.

ನಮ್ಮ ಅಂಗಾಲಿನ ವಿಷಯ

‘ಬಿಳಿಯರ ರೋಗ ಅದು, ನಮಗೇಕೆ’ ಎಂದು ಓದುಗರು ಕೇಳಬಹುದು. ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.3 ಲಕ್ಷ ಜನರಲ್ಲಿ ಹೊಸದಾಗಿ ಮೆಲನೋಮ ಪತ್ತೆಯಾಯಿತು, ಸುಮಾರು 58 ಸಾವಿರ ಜನ ಅದರಿಂದ ಸತ್ತರು ಎಂಬುದು ಅಂತರರಾಷ್ಟ್ರೀಯ ಅಂದಾಜು. ಅದರಲ್ಲಿ ದೊಡ್ಡ ಪಾಲು ತಿಳಿಬಣ್ಣದ ಚರ್ಮದವರು ವಾಸಿಸುವ ಯೂರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾಗಳದ್ದು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ 30ಕ್ಕೂ ಹೆಚ್ಚು ಮಂದಿಗೆ ಇದು ಕಾಣಿಸಿಕೊಂಡರೆ, ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. 1982ರಲ್ಲಿ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿಗಳು ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ರಾಷ್ಟ್ರೀಯ ಕಾರ್ಯಕ್ರಮದಡಿ ಕೆಲಸ ಆರಂಭಿಸಿದವು. ಅಂದಿನಿಂದ ಇಂದಿನವರೆಗೂ ಈ ರೋಗ ಪಟ್ಟಿಯ ಕೆಳತುದಿಯಲ್ಲೇ ಇದೆ. ನಮ್ಮ ಚರ್ಮದಲ್ಲಿ ಹೇರಳವಾಗಿರುವ ಮೆಲನಿನ್ ಎಂಬ ಬಣ್ಣವಸ್ತು ಬಿಸಿಲಿನ ನೇರಳಾತೀತ ಕಿರಣಗಳಿಗೆ ಕೊಡೆ ಹಿಡಿಯುತ್ತದೆ.

ಆದರೆ ಆ ಕೊಡೆಯ ರಕ್ಷಣೆ ಇಡೀ ದೇಹಕ್ಕೆ ಒಂದೇ ರೀತಿ ಸಲ್ಲುವುದಿಲ್ಲ. ಕಪ್ಪು, ಕಂದು ಬಣ್ಣದವರಲ್ಲಿ ಮೆಲನೋಮ ಬಂದರೆ ಅದು ಹೆಚ್ಚಾಗಿ ಬರುವುದು ಬಿಸಿಲು ಬೀಳದ ಜಾಗಗಳಲ್ಲಿ: ಅಂಗಾಲು, ಅಂಗೈ, ಉಗುರಿನ ಅಡಿ. ಇಲ್ಲಿ ಬಿಸಿಲಿನ ಪಾತ್ರ ಮುಖ್ಯವಲ್ಲ. ಅಂಗಾಲಿನ ಕಪ್ಪು ಕಲೆಯನ್ನು ಆಣಿ ಎಂದೋ, ಕಲ್ಲು ತಾಗಿ ಹೆಪ್ಪುಗಟ್ಟಿದ ರಕ್ತವೆಂದೋ, ಮುಳ್ಳು ಮುರಿದ ಗಾಯವೆಂದೋ ತಿಳಿಯುವುದು ಸಹಜ. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರ ಕಾಲಿನಲ್ಲಿ ಇಂಥ ಗುರುತುಗಳು ಎಷ್ಟೋ ಇರುತ್ತವೆ. ಜಮೈಕಾದ ಸಂಗೀತಗಾರ ಬಾಬ್ ಮಾರ್ಲಿ ಅವರ ಕಾಲಿನ ಹೆಬ್ಬೆರಳ ಉಗುರಿನಡಿಯ ಗಾಯ ಫುಟ್‌ಬಾಲ್ ಆಟದ ಪೆಟ್ಟೆಂದೇ ಮೊದಲು ತೋರಿತ್ತು. 1977ರಲ್ಲಿ ಅದು ಮೆಲನೋಮ ಎಂದು ಗೊತ್ತಾಯಿತು. ಬೆರಳು ತೆಗೆಸುವ ಸಲಹೆಯನ್ನು ಅವರು ಒಪ್ಪಲಿಲ್ಲ. ರೋಗ ಶ್ವಾಸಕೋಶ, ಯಕೃತ್ತು, ಮಿದುಳಿಗೆ ಹರಡಿ 1981ರ ಮೇ 11ರಂದು ತೀರಿಕೊಂಡಾಗ ಅವರಿಗೆ 36 ವರ್ಷ.

ಹೀಗಾಗಿ ನಮ್ಮಲ್ಲಿ ಎಷ್ಟೋ ರೋಗಿಗಳು ವೈದ್ಯರ ಬಳಿಗೆ ಬರುವುದು ಅಂಗಾಲಿನ ಕಲೆಗಾಗಿ ಅಲ್ಲ, ತೊಡೆಸಂದಿನ ಗಂಟಿಗಾಗಿ. ಸೂಜಿಯ ಕೆಲಸ ಶುರುವಾಗುವುದೇ ಅಲ್ಲಿ.

ಕಾಲಿನಿಂದ ತೊಡೆಸಂದಿಗೆ

ದೇಹದಲ್ಲಿ ರಕ್ತನಾಳಗಳಂತೆ ಇನ್ನೊಂದು ನಾಳಗಳ ಜಾಲವಿದೆ. ಅದರಲ್ಲಿ ಹರಿಯುವುದು ದುಗ್ಧರಸ. ಅಂಗಾಂಶಗಳಲ್ಲಿ ಉಳಿದ ನೀರನ್ನು ಬಸಿದು ಮತ್ತೆ ರಕ್ತಕ್ಕೆ ಸೇರಿಸುವುದು ಇದರ ಕೆಲಸ. ದಾರಿಯುದ್ದಕ್ಕೂ ಅಲ್ಲಲ್ಲಿ ಕಾಳಿನ ಗಾತ್ರದ ಗ್ರಂಥಿಗಳು ಚೆಕ್‌ಪೋಸ್ಟುಗಳಂತೆ ಕುಳಿತಿರುತ್ತವೆ. ರೋಗಾಣುವೋ ಪರಕೀಯ ವಸ್ತುವೋ ಬಂದರೆ ಅಲ್ಲಿ ತಡೆ. ಕಾಲಿನ ದುಗ್ಧರಸಕ್ಕೆ ತೊಡೆಸಂದಿನ ಗ್ರಂಥಿಗಳು, ಕೈಯಿಂದ ಬರುವುದಕ್ಕೆ ಕಂಕುಳಿನವು, ತಲೆ-ಮುಖದಿಂದ ಬರುವುದಕ್ಕೆ ಕತ್ತಿನವು. ಕಾಲಿನಲ್ಲಿ ಹುಣ್ಣಾದಾಗ ತೊಡೆಸಂದಿನಲ್ಲಿ ಗಡ್ಡೆ ಏಳುವುದನ್ನು ಹಳ್ಳಿಯ ಹಿರಿಯರೆಲ್ಲ ಬಲ್ಲರು.

ಮೆಲನೋಮದ ಕಣಗಳು ಮೂಲ ಜಾಗದಿಂದ ಕಳಚಿಕೊಂಡರೆ ಅನೇಕ ವೇಳೆ ಮೊದಲು ಸೇರುವುದು ಈ ಗ್ರಂಥಿಗಳನ್ನೇ. ಅಲ್ಲಿಂದ ಮುಂದೆ, ಅಥವಾ ನೇರವಾಗಿ ರಕ್ತದ ದಾರಿಯಲ್ಲಿ, ಶ್ವಾಸಕೋಶ, ಯಕೃತ್ತು, ಮಿದುಳು, ಎಲುಬುಗಳಿಗೆ ಹೋಗಬಲ್ಲವು.

ತೊಂದರೆ ಏನೆಂದರೆ ಹೊರಗಿನಿಂದ ಮುಟ್ಟಿ ನೋಡಿದರೆ ಎಲ್ಲ ಗಂಟುಗಳೂ ಹೆಚ್ಚುಕಡಿಮೆ ಒಂದೇ. ಒಡೆದ ಹಿಮ್ಮಡಿಯಿಂದ ಸೋಂಕು ತಗುಲಿ ಊದಿದ ಗ್ರಂಥಿ ಇರಬಹುದು. ಆನೆಕಾಲು ರೋಗದ ಹುಳುವಿನಿಂದ ಇರಬಹುದು. ಹಿಂದೆ ‘ಗಂಡಮಾಲೆ’ ಎಂದು ಕರೆಯುತ್ತಿದ್ದ ಕ್ಷಯದ ಗಂಟಿರಬಹುದು. ಬೇರೆ ಯಾವುದೋ ಕ್ಯಾನ್ಸರ್ ಇರಬಹುದು. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸಾಕು. ಮೆಲನೋಮಕ್ಕೆ ಆ ಮಾತ್ರೆ ಕೊಡುತ್ತ ಕುಳಿತರೆ ಆರು ತಿಂಗಳು ಹೋದವು ಎಂದೇ ಅರ್ಥ. ಒಳಗೆ ಏನಿದೆ ಎಂಬುದನ್ನು ಕಣ್ಣಿಂದ ನೋಡದೆ ಹೇಳಲಾಗದು.

ಸೂಜಿ ನಡೆದುಬಂದ ದಾರಿ

ಚುಚ್ಚಿ ತೆಗೆಯುವ ವಿದ್ಯೆ ಹಳೆಯದು. ಹೊಟ್ಟೆಯಲ್ಲಿ ತುಂಬಿದ ನೀರನ್ನು ‘ವ್ರೀಹಿಮುಖ’, ಅಂದರೆ ಭತ್ತದ ಮೊನೆಯಂಥ ಶಸ್ತ್ರದಿಂದ ಚುಚ್ಚಿ ಬಸಿಯುವ ಕ್ರಮವನ್ನು ಸುಶ್ರುತ ಸಂಹಿತೆ ಹೇಳುತ್ತದೆ. ಆದರೆ ಹೊರಬಂದದ್ದನ್ನು ಕಣಕಣವಾಗಿ ನೋಡಲು ಸೂಕ್ಷ್ಮದರ್ಶಕ ಬೇಕಿತ್ತು, ನೋಡಿದ್ದನ್ನು ಅರ್ಥಮಾಡಿಕೊಳ್ಳಲು ಶಾಸ್ತ್ರ ಬೇಕಿತ್ತು. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಗಂಟುಗಳೂ ಜೀವಕಣಗಳಿಂದಲೇ ಆದವು ಎಂದು ತೋರಿಸಿದರು. 1858ರಲ್ಲಿ ಅವರ ಶಿಷ್ಯ ರುಡಾಲ್ಫ್ ವಿರ್ಶೋ ರೋಗವೆಂದರೆ ಜೀವಕಣದ ರೋಗ ಎಂಬ ತತ್ತ್ವವನ್ನು ಗಟ್ಟಿಗೊಳಿಸಿದರು. ಈ ನಡುವೆ, 1850ರ ದಶಕದಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಟೊಳ್ಳು ಸೂಜಿಯ ಸಿರಿಂಜನ್ನು ಚರ್ಮದಡಿ ಔಷಧ ಸೇರಿಸಲು ಬಳಸಿದರು. ದೇಹದೊಳಕ್ಕೆ ಔಷಧ ಹೋಗುವ ದಾರಿಯಲ್ಲೇ ದೇಹದ ಕಣಗಳೂ ಹೊರಬರಬಹುದಲ್ಲವೇ?

ಜೀವಂತ ವ್ಯಕ್ತಿಯ ಅಂಗಾಂಶವನ್ನು ತೆಗೆದು ಪರೀಕ್ಷಿಸುವುದಕ್ಕೆ ‘ಬಯಾಪ್ಸಿ’ ಎಂಬ ಹೆಸರು ಕೊಟ್ಟವರು 1879ರಲ್ಲಿ ಎರ್ನೆಸ್ಟ್ ಬೆನಿಯೆ. ಅವರು ಫ್ರಾನ್ಸಿನ ಚರ್ಮವೈದ್ಯರು. ಸೂಜಿಯಿಂದ ಗ್ರಂಥಿಯನ್ನು ಚುಚ್ಚಿ ರೋಗ ಪತ್ತೆಹಚ್ಚಿದ ಒಂದು ಪ್ರಸಿದ್ಧ ಉದಾಹರಣೆ ಕ್ಯಾನ್ಸರಿನದ್ದಲ್ಲ. 1904ರಲ್ಲಿ ಗ್ರೇಗ್ ಮತ್ತು ಗ್ರೇ ಎಂಬ ಸೇನಾ ವೈದ್ಯರಿಬ್ಬರು ಉಗಾಂಡದಲ್ಲಿ ನಿದ್ರಾರೋಗಿಗಳ ಊದಿದ ಗ್ರಂಥಿಗಳಿಂದ ರಸ ತೆಗೆದು ಅದರಲ್ಲಿ ರೋಗಾಣುಗಳನ್ನು ಕಂಡರು. ಅವರಲ್ಲಿ ಗ್ರೇಗ್ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರಿದವರು.

ಕ್ಯಾನ್ಸರಿಗೆ ಸೂಜಿಯನ್ನು ಕ್ರಮಬದ್ಧವಾಗಿ ಬಳಸಿದ ಕೀರ್ತಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯದ್ದು. ಗಂಟನ್ನು ಕತ್ತಿಯಿಂದ ಕೊಯ್ದು ಚೂರು ತೆಗೆದರೆ ರೋಗ ಹರಡೀತು ಎಂಬ ಭಯ ಅಂದು ದೊಡ್ಡ ವೈದ್ಯರಲ್ಲೂ ಇತ್ತು. ಹಾಗಾದರೆ ಕೊಯ್ಯದೆ ನೋಡುವುದು ಹೇಗೆ? ಶಸ್ತ್ರವೈದ್ಯ ಹೇಯ್ಸ್ ಮಾರ್ಟಿನ್ ಮತ್ತು ಪ್ರಯೋಗಾಲಯದ ತಂತ್ರಜ್ಞ ಎಡ್ವರ್ಡ್ ಎಲಿಸ್ ಸೂಜಿ ಹಿಡಿದರು. 1930ರಲ್ಲಿ ಅವರ ಲೇಖನ ಪ್ರಕಟವಾಯಿತು. 1933ರಲ್ಲಿ ಅಲ್ಲಿನ ಪೆಥಾಲಜಿಸ್ಟ್ ಫ್ರೆಡ್ ಸ್ಟುವರ್ಟ್ ತಮ್ಮ ಅನುಭವವನ್ನು ವಿವರವಾಗಿ ಬರೆದರು. ಆದರೂ ಅಮೆರಿಕದಲ್ಲಿ ಈ ವಿದ್ಯೆ ಬೇರು ಬಿಡಲಿಲ್ಲ. ಇಡಿಯಾದ ಚೂರನ್ನು ನೋಡಿ ಅಭ್ಯಾಸವಾದ ಪೆಥಾಲಜಿಸ್ಟರಿಗೆ ಚೆಲ್ಲಾಪಿಲ್ಲಿಯಾದ ಕಣಗಳ ಮೇಲೆ ನಂಬಿಕೆ ಹುಟ್ಟಲಿಲ್ಲ.

ನಂಬಿಕೆ ಹುಟ್ಟಿದ್ದು ಯೂರೋಪಿನಲ್ಲಿ, ಅದೂ ರಕ್ತ ನೋಡಿ ಪಳಗಿದ ವೈದ್ಯರಿಗೆ. ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ ಬಿಡಿಬಿಡಿ ಕಣ ನೋಡುವುದೇ ಅವರ ದಿನನಿತ್ಯದ ಕೆಲಸವಲ್ಲವೇ? ನೆದರ್ಲೆಂಡ್ಸ್‌ನ ಲೋಪೆಸ್ ಕಾರ್ಡೋಜೊ, ಸ್ವೀಡನ್ನಿನ ನಿಲ್ಸ್ ಸೋಡರ್‌ಸ್ಟ್ರೋಮ್, ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯ ಸಿಕ್ಸ್ಟನ್ ಫ್ರಾನ್ಸೆನ್, ಯೋಸೆಫ್ ಜಾಯಿಚೆಕ್ ಮೊದಲಾದವರು 1950, 60ರ ದಶಕಗಳಲ್ಲಿ ಇದನ್ನು ಶಾಸ್ತ್ರವಾಗಿ ಬೆಳೆಸಿದರು. ನ್ಯೂಯಾರ್ಕಿನವರು ಬಳಸಿದ್ದ ದಪ್ಪ ಸೂಜಿಯ ಜಾಗಕ್ಕೆ ಒಂದು ಮಿಲಿಮೀಟರಿಗಿಂತ ತೆಳುವಾದ ಸೂಜಿ ಬಂತು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಸಿರಿಂಜು ಹಿಡಿಯಲು ಅನುಕೂಲವಾದ ಹಿಡಿಕೆಯನ್ನು ಫ್ರಾನ್ಸೆನ್ ರೂಪಿಸಿದರು. 1970, 80ರ ದಶಕಗಳಲ್ಲಿ ಈ ಪರೀಕ್ಷೆ ಜಗತ್ತಿನೆಲ್ಲೆಡೆ ಹಬ್ಬಿತು. ಕಡಿಮೆ ಖರ್ಚಿನ, ಬೇಗ ಉತ್ತರ ಕೊಡುವ ವಿಧಾನವಾದ್ದರಿಂದ ರೋಗಿಗಳು ಹೆಚ್ಚು, ಸೌಲಭ್ಯ ಕಡಿಮೆ ಇರುವ ಭಾರತದಂಥ ದೇಶಕ್ಕೆ ಅದು ಹೇಳಿಮಾಡಿಸಿದಂತಿತ್ತು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿಂದ ಹಿಡಿದು ಜಿಲ್ಲಾ ಆಸ್ಪತ್ರೆಗಳವರೆಗೆ ಇದು ಇಂದು ನಿತ್ಯದ ಪರೀಕ್ಷೆ.

ನಡೆಯುವುದು ಹೇಗೆ?

ರೋಗಿ ಮಂಚದ ಮೇಲೆ ಮಲಗುತ್ತಾರೆ. ವೈದ್ಯರು ಗಂಟಿನ ಮೇಲಿನ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಎಡಗೈಯ ಎರಡು ಬೆರಳಿನ ನಡುವೆ ಗಂಟನ್ನು ಅಲುಗದಂತೆ ಹಿಡಿಯುತ್ತಾರೆ. ಸಾಮಾನ್ಯವಾಗಿ ಬಳಸುವುದು 22ರಿಂದ 25 ಗೇಜಿನ ಸೂಜಿ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು. 23 ಗೇಜಿನ ಸೂಜಿಯ ಹೊರವ್ಯಾಸ ಸುಮಾರು 0.64 ಮಿ.ಮೀ. ಸೂಜಿ ಗಂಟಿನೊಳಗೆ ಹೋದ ಮೇಲೆ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ಹೀರುವ ಒತ್ತಡ ಉಂಟುಮಾಡಿ, ಸೂಜಿಯನ್ನು ಹಿಂದೆ ಮುಂದೆ ನಾಲ್ಕೈದು ಬಾರಿ ಆಡಿಸುತ್ತಾರೆ. ಮೊನೆ ಕಣಗಳನ್ನು ಕೆರೆದು ತೆಗೆಯುತ್ತದೆ. ಹೊರತೆಗೆಯುವ ಮುನ್ನ ದಂಡವನ್ನು ಬಿಟ್ಟು ಒತ್ತಡ ಇಳಿಸಬೇಕು. ಇಲ್ಲವಾದರೆ ಸಿಕ್ಕಿದ್ದೆಲ್ಲ ಸಿರಿಂಜಿನೊಳಗೆ ಹಾರಿಹೋಗುತ್ತದೆ. ಒಟ್ಟು ಕೆಲಸ ಒಂದು ನಿಮಿಷಕ್ಕಿಂತ ಕಡಿಮೆ. ನೋವು ಇಂಜೆಕ್ಷನ್ ತೆಗೆದುಕೊಂಡಷ್ಟು.

ಸೂಜಿಯೊಳಗೆ ಸಿಕ್ಕ ಹನಿಯನ್ನು ಗಾಜಿನ ಪಟ್ಟಿಗಳ ಮೇಲೆ ಹರಡುತ್ತಾರೆ. ಕೆಲವನ್ನು ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣ ಕೊಡುತ್ತಾರೆ. ಇನ್ನು ಕೆಲವನ್ನು ಆಲ್ಕೋಹಾಲಿನಲ್ಲಿ ಅದ್ದಿ, ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ ಹೆಸರಾದ ಜಾರ್ಜ್ ಪಾಪನಿಕೊಲಾವ್ ರೂಪಿಸಿದ ಬಣ್ಣ ಹಾಕುತ್ತಾರೆ. ಗಂಟು ಕೈಗೆ ಸಿಗದಷ್ಟು ಆಳದಲ್ಲಿದ್ದರೆ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಇದ್ದರೆ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಯಂತ್ರದ ಚಿತ್ರ ನೋಡಿಕೊಂಡು ಉದ್ದನೆಯ ಸೂಜಿಯನ್ನು ಅಲ್ಲಿಗೇ ಒಯ್ಯುತ್ತಾರೆ.

ಕೆಲವೊಮ್ಮೆ ಉತ್ತರ ಸೂಜಿ ಹೊರಬಂದಾಗಲೇ ಅರ್ಧ ತಿಳಿಯುತ್ತದೆ. ಮೆಲನೋಮದ ಗಂಟಿನಿಂದ ಬಂದ ಹನಿ ಮಸಿಯಂತೆ ಕಪ್ಪಗಿರಬಹುದು.

ಗಾಜಿನ ಮೇಲೆ ಕಾಣುವುದು

ಸೂಕ್ಷ್ಮದರ್ಶಕದಲ್ಲಿ ಮೆಲನೋಮದ ಕಣಗಳಿಗೆ ತಮ್ಮದೇ ಚಹರೆ ಇದೆ. ಅವು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಚೆಲ್ಲಿರುತ್ತವೆ. ಕಣಕೇಂದ್ರ ದೊಡ್ಡದು, ಅನೇಕ ವೇಳೆ ಒಂದು ಬದಿಗೆ ಸರಿದಿರುತ್ತದೆ. ಅದರೊಳಗಿನ ಕಿರುಕೇಂದ್ರ ಎದ್ದು ಕಾಣುತ್ತದೆ. ಒಂದೇ ಕಣದಲ್ಲಿ ಎರಡು ಕೇಂದ್ರಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕುಳಿತಿರುವುದೂ ಉಂಟು. ಇವೆಲ್ಲದರ ಜೊತೆ ಕಣದೊಳಗೆ ಕಂದು-ಕಪ್ಪು ಬಣ್ಣದ ನುಣುಪಾದ ಪುಡಿ, ಅಂದರೆ ಮೆಲನಿನ್, ಕಂಡರೆ ಸಂಶಯಕ್ಕೆ ಎಡೆ ಕಡಿಮೆ.

ಆದರೆ ಈ ರೋಗ ಬಹುರೂಪಿ. ಬಣ್ಣವನ್ನೇ ತಯಾರಿಸದ ಮೆಲನೋಮಗಳಿವೆ. ಅವು ಬೇರೆ ಕ್ಯಾನ್ಸರುಗಳ ವೇಷ ಹಾಕಿ ಮೋಸಗೊಳಿಸುತ್ತವೆ. ಇನ್ನೊಂದೆಡೆ, ಕಪ್ಪು ಕಂಡದ್ದೆಲ್ಲ ಮೆಲನೋಮವೂ ಅಲ್ಲ. ನಮ್ಮಲ್ಲಿ ಅಜ್ಜಿಯಂದಿರ ಕೈತುಂಬ ಹಚ್ಚೆ ಇರುತ್ತಿತ್ತು. ಈಗ ಮೊಮ್ಮಕ್ಕಳು ಟ್ಯಾಟೂ ಹಾಕಿಸಿಕೊಳ್ಳುತ್ತಾರೆ. ಆ ಬಣ್ಣದ ಸ್ವಲ್ಪ ಭಾಗ ದುಗ್ಧರಸದೊಂದಿಗೆ ಹರಿದು ಕಂಕುಳಿನ ಗ್ರಂಥಿಗೆ ಸೇರಿ ಅದನ್ನು ಕಪ್ಪಾಗಿಸುತ್ತದೆ. ಅಂಥ ಗ್ರಂಥಿ ಶಸ್ತ್ರವೈದ್ಯರ ಕಣ್ಣಿಗೆ ಹರಡಿದ ಮೆಲನೋಮದಂತೆ ಕಂಡ ಪ್ರಸಂಗಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಬಣ್ಣ ಇರುವುದು ಕ್ಯಾನ್ಸರಿನ ಕಣದಲ್ಲೋ, ಕಸ ನುಂಗುವ ಕಾವಲು ಕಣದಲ್ಲೋ ಎಂದು ಸೂಕ್ಷ್ಮದರ್ಶಕವೇ ತೀರ್ಮಾನಿಸಬೇಕು.

ಸಂಶಯ ಉಳಿದಾಗ ನೆರವಿಗೆ ಬರುವುದು ‘ಸೆಲ್ ಬ್ಲಾಕ್’. ಸೂಜಿಯಿಂದ ಬಂದ ಕಣಗಳನ್ನು ಒಟ್ಟುಗೂಡಿಸಿ ಮೇಣದ ಅಚ್ಚಿನಲ್ಲಿ ಹಿಡಿದಿಟ್ಟು, ತೆಳುವಾಗಿ ಸೀಳಿ ವಿಶೇಷ ಪರೀಕ್ಷೆಗೆ ಒಡ್ಡುತ್ತಾರೆ. ಪ್ರೋಟೀನುಗಳ ಗುರುತು ಹಿಡಿಯುವ ಎಸ್-100, ಎಚ್‌ಎಂಬಿ-45, ಮೆಲಾನ್-ಎ, ಸಾಕ್ಸ್-10 ಎಂಬ ಪರೀಕ್ಷೆಗಳಿವು. ಕಣ ವೇಷ ಬದಲಿಸಿದರೂ ಒಳಗಿನ ಈ ಗುರುತುಗಳನ್ನು ಎಲ್ಲ ಒಟ್ಟಿಗೆ ಅಳಿಸಿಕೊಳ್ಳುವುದು ಅಪರೂಪ. ಹರಡಿದ ಮೆಲನೋಮದ ಪತ್ತೆಯಲ್ಲಿ ಸೂಜಿ ಪರೀಕ್ಷೆ ಎಷ್ಟು ನಂಬಿಗಸ್ತ ಎಂಬುದನ್ನು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಲಾಗಿದೆ. ರೋಗವಿರುವ 100 ಗಂಟುಗಳಲ್ಲಿ 95ಕ್ಕೂ ಹೆಚ್ಚನ್ನು ಅದು ಸರಿಯಾಗಿ ಹಿಡಿಯುತ್ತದೆ. ಇಲ್ಲದ ರೋಗವನ್ನು ಇದೆ ಎಂದು ಹೇಳುವುದು ತೀರಾ ವಿರಳ.

ಸೂಜಿಗೆ ಆಗದ ಕೆಲಸ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಪಾತ್ರೆಯ ತುಂಬ ಒಂದೇ ಅಕ್ಕಿ ಇದ್ದಾಗ ಮಾತ್ರ ಈ ಮಾತು ನಿಜ. ಗ್ರಂಥಿಯ ಒಂದು ಮೂಲೆಯಲ್ಲಷ್ಟೇ ಕ್ಯಾನ್ಸರ್ ಇದ್ದು ಸೂಜಿ ಇನ್ನೊಂದು ಮೂಲೆಗೆ ಹೋದರೆ ವರದಿ ‘ಏನೂ ಇಲ್ಲ’ ಎಂದು ಬರುತ್ತದೆ. ಗಂಟಿನ ನಡುವೆ ಕಣಗಳು ಸತ್ತು ಕೊಳೆತಿದ್ದರೂ ಉತ್ತರ ಸಿಗದು. ಆದ್ದರಿಂದ ಸೂಜಿ ‘ಇದೆ’ ಎಂದರೆ ನಂಬಬೇಕು. ‘ಇಲ್ಲ’ ಎಂದರೆ ಗಂಟು ಕರಗಿತೇ ಎಂದು ನೋಡಬೇಕು. ಕರಗದಿದ್ದರೆ ಮತ್ತೆ ಸೂಜಿ, ಅಥವಾ ಚೂರನ್ನೇ ತೆಗೆಯುವ ದಪ್ಪ ಸೂಜಿ, ಅಥವಾ ಗ್ರಂಥಿಯನ್ನೇ ತೆಗೆದು ಪರೀಕ್ಷಿಸುವುದು. ‘ವರದಿ ಚೆನ್ನಾಗಿದೆ’ ಎಂದು ಗಂಟನ್ನು ಮರೆಯುವುದು ದೊಡ್ಡ ತಪ್ಪು.

ಎರಡನೆಯದಾಗಿ, ಅಂಗಾಲಿನ ಮೂಲ ಕಲೆಗೆ ಈ ಸೂಜಿ ಸಲ್ಲದು. ಎಪಿಎಂಸಿ ಅಂಗಳದಲ್ಲಿ ವ್ಯಾಪಾರಿಗಳು ಮೂಟೆಗೆ ಚೂಪಾದ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು ನೋಡುತ್ತಾರೆ. ಕಾಳು ಯಾವುದು, ಹುಳು ಹಿಡಿದಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಮೂಟೆಗಳನ್ನು ಎಷ್ಟು ಸಾಲು ಪೇರಿಸಿದ್ದಾರೆ ಎಂಬುದು ತಿಳಿಯುವುದಿಲ್ಲ. ಚರ್ಮದ ಮೆಲನೋಮದಲ್ಲಿ ಬೇಕಾದದ್ದು ಆ ಎರಡನೆಯ ಲೆಕ್ಕ. ರೋಗ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದೇ ಮುಂದಿನ ಎಲ್ಲ ತೀರ್ಮಾನಗಳಿಗೆ ಆಧಾರ ಎಂದು 1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿಕೊಟ್ಟರು. ಆಳ ಅಳೆಯಲು ಸಾಧ್ಯವಾದಷ್ಟೂ ಕಲೆಯನ್ನು ಪೂರ್ತಿಯಾಗಿ, ಸುತ್ತ ಒಂದೆರಡು ಮಿಲಿಮೀಟರ್ ಒಳ್ಳೆಯ ಚರ್ಮದ ಸಮೇತ ತೆಗೆದೇ ನೋಡಬೇಕು.

ಮೂರನೆಯದು, ಗಂಟು ಇನ್ನೂ ಕೈಗೆ ಸಿಗದ ಹಂತ. ಕೆಲವೇ ಕಣಗಳು ಗ್ರಂಥಿಗೆ ಹೋಗಿರಬಹುದಾದಾಗ ಸೂಜಿ ಯಾವುದಕ್ಕೆ ಚುಚ್ಚುವುದು? ಇದಕ್ಕೆ ಅಮೆರಿಕದ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು 1992ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಮೂಲ ಕಲೆಯ ಜಾಗದಲ್ಲಿ ನೀಲಿ ಬಣ್ಣವನ್ನು ಚುಚ್ಚಿದರೆ ಅದು ಹರಿದು ಮೊದಲು ಸೇರುವ ಗ್ರಂಥಿ ಯಾವುದೆಂದು ಗೊತ್ತಾಗುತ್ತದೆ. ಆ ಕಾವಲು ಗ್ರಂಥಿಯೊಂದನ್ನು ತೆಗೆದು ನೋಡಿದರೆ ಸಾಕು. ಹಿಂದೆ ರೋಗ ಒಂದು ಗ್ರಂಥಿಯಲ್ಲಿ ಕಂಡರೆ ಆ ಭಾಗದ ಎಲ್ಲ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಕಾಲು ಊದಿಕೊಂಡು ರೋಗಿ ಜೀವನವಿಡೀ ಒದ್ದಾಡಬೇಕಾಗುತ್ತಿತ್ತು. ಕಾವಲು ಗ್ರಂಥಿಯಲ್ಲಿ ಮಾತ್ರ ರೋಗ ಕಂಡವರಲ್ಲಿ ಉಳಿದವನ್ನೂ ತೆಗೆದುಹಾಕಿದ್ದರಿಂದ ಆಯುಷ್ಯ ಹೆಚ್ಚುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು.

ಇನ್ನು ಆ ಹಳೆಯ ಹೆದರಿಕೆ. ಸೂಜಿ ಚುಚ್ಚಿದರೆ ರೋಗ ಹರಡುವುದೇ? ತೆಳು ಸೂಜಿಯ ದಾರಿಯಲ್ಲಿ ಕಣಗಳು ಬಿತ್ತಿಹೋದ ಉದಾಹರಣೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಅವು ಅತ್ಯಂತ ಅಪರೂಪ. ಸೂಜಿ ಪರೀಕ್ಷೆಯಾದ ಮೇಲೆ ರೋಗಿ ಬಿದ್ದುಹೋದರು ಎಂಬ ಕಥೆಗಳ ಹಿಂದೆ ಸಾಮಾನ್ಯವಾಗಿ ಇರುವುದು ಬೇರೆ ಸಂಗತಿ. ರೋಗ ಬಹಳ ಮುಂದುವರಿದ ಮೇಲೆ ಅವರು ಆಸ್ಪತ್ರೆಗೆ ಬಂದಿರುತ್ತಾರೆ. ಅವರನ್ನು ಕೊಂದದ್ದು ಸೂಜಿಗೆ ಮೊದಲೇ ಹರಡಿದ ರೋಗ. ಆರೋಪ ಮಾತ್ರ ಕೊನೆಗೆ ಬಂದ ಸೂಜಿಯ ಮೇಲೆ. ನ್ಯೂಯಾರ್ಕಿನಲ್ಲಿ ಕತ್ತಿಯ ಭಯವನ್ನು ತಪ್ಪಿಸಲೆಂದೇ ಹುಟ್ಟಿದ ಸೂಜಿ, ನಮ್ಮಲ್ಲಿ ಅದೇ ಭಯಕ್ಕೆ ಗುರಿಯಾದುದು ವಿಪರ್ಯಾಸ.

ತಿಳಿದು ಪ್ರಯೋಜನವೇನು?

ಇಪ್ಪತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಿತ್ತು. ದೂರದ ಅಂಗಗಳಿಗೆ ಹರಡಿದ ಮೆಲನೋಮ ಎಂದರೆ ಬಹುಪಾಲು ರೋಗಿಗಳಿಗೆ ಒಂದು ವರ್ಷದೊಳಗಿನ ಆಯುಷ್ಯ. ಸೂಜಿ ಹೇಳುತ್ತಿದ್ದುದು ತೀರ್ಪನ್ನು ಮಾತ್ರ. 2002ರಲ್ಲಿ ಈ ರೋಗದ ಕಣಗಳಲ್ಲಿ ಬಿರಾಫ್ ಎಂಬ ಜೀನ್ ಅನೇಕ ವೇಳೆ ಕೆಟ್ಟಿರುತ್ತದೆ ಎಂದು ಗೊತ್ತಾಯಿತು. 2011ರಲ್ಲಿ ಅದಕ್ಕೆ ಕಡಿವಾಣ ಹಾಕುವ ಮಾತ್ರೆ ಅಮೆರಿಕದಲ್ಲಿ ಬಳಕೆಗೆ ಬಂತು. ಅದೇ ವರ್ಷ, ದೇಹದ ರೋಗನಿರೋಧಕ ಶಕ್ತಿಗೆ ಬಿದ್ದಿದ್ದ ಬ್ರೇಕನ್ನು ಸಡಿಲಿಸುವ ಔಷಧಗಳಲ್ಲಿ ಮೊದಲನೆಯದೂ ಬಂತು. 2014ರಲ್ಲಿ ಇನ್ನೆರಡು ಸೇರಿದವು. ಈ ಚಿಕಿತ್ಸೆಗೆ ಅಡಿಪಾಯ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಸಂದಿತು. ಇಂಥ ಎರಡು ಔಷಧಗಳನ್ನು ಒಟ್ಟಿಗೆ ಪಡೆದ, ರೋಗ ಹರಡಿದ ರೋಗಿಗಳಲ್ಲಿ 100ಕ್ಕೆ 43 ಮಂದಿ ಹತ್ತು ವರ್ಷದ ನಂತರವೂ ಬದುಕಿದ್ದರು ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆಲನೋಮ ಯಕೃತ್ತು ಮತ್ತು ಮಿದುಳಿಗೆ ಹರಡಿರುವುದು ಪತ್ತೆಯಾದಾಗ 90 ವರ್ಷ. ಶಸ್ತ್ರಚಿಕಿತ್ಸೆ, ವಿಕಿರಣದ ಜೊತೆ ಈ ಹೊಸ ಔಷಧವನ್ನೂ ಪಡೆದ ಅವರು ನೂರು ದಾಟಿ, 2024ರ ಡಿಸೆಂಬರ್ 29ರಂದು ತೀರಿಕೊಂಡರು.

ಈ ಸಂತೋಷಕ್ಕೆ ಎರಡು ತಡೆಗಳಿವೆ. ಅಂಗಾಲು, ಉಗುರಿನ ಮೆಲನೋಮಗಳು ಈ ಔಷಧಗಳಿಗೆ ಅಷ್ಟಾಗಿ ಮಣಿಯುವುದಿಲ್ಲ. ಬಿರಾಫ್ ದೋಷವೂ ಅವುಗಳಲ್ಲಿ ಕಡಿಮೆ. ಜೊತೆಗೆ ಈ ಚಿಕಿತ್ಸೆಯ ಖರ್ಚು ಲಕ್ಷಗಳ ಲೆಕ್ಕದ್ದು. ಸಾಮಾನ್ಯ ಕುಟುಂಬ ಹೊರಲಾರದಷ್ಟು. ಆದ್ದರಿಂದ ನಮ್ಮಂಥವರಿಗೆ 1840ರ ಕೂಪರ್ ಮಾತು ಇನ್ನೂ ಪೂರ್ತಿ ಹಳೆಯದಾಗಿಲ್ಲ: ಮೊದಲಲ್ಲೇ ಹಿಡಿಯಬೇಕು.

ಆದರೆ ಒಂದು ವ್ಯತ್ಯಾಸವಿದೆ. ಸೂಜಿಯಿಂದ ಬಂದ ಅದೇ ಹನಿಯಲ್ಲಿ ಇಂದು ರೋಗದ ಹೆಸರಷ್ಟೇ ಅಲ್ಲ, ಯಾವ ಔಷಧ ನಾಟೀತು ಎಂಬ ಸುಳಿವೂ ಸಿಗುತ್ತದೆ. ರೋಗ ತೊಡೆಸಂದಿನ ಗ್ರಂಥಿಯಲ್ಲೇ ನಿಂತಿದ್ದರೆ ಶಸ್ತ್ರಚಿಕಿತ್ಸೆಗೆ ಇನ್ನೂ ಸಮಯವಿರುತ್ತದೆ. ಗಂಟು ಕೇವಲ ಸೋಂಕಿನದ್ದೋ ಕ್ಷಯದ್ದೋ ಆಗಿದ್ದರೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನೆ ಒಂದೇ ದಿನದಲ್ಲಿ ನಿಟ್ಟುಸಿರು ಬಿಡುತ್ತದೆ. ನಮ್ಮ ಹಳ್ಳಿ-ಪಟ್ಟಣಗಳಲ್ಲಿ ಗಂಟಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಬಹುಮಂದಿ ಕೇಳಿಬರುವುದು ಇಂಥ ಸಮಾಧಾನದ ಸುದ್ದಿಯನ್ನೇ.

ಆಣಿ ಎಂದುಕೊಂಡ ಕಪ್ಪು ಕಲೆ ಹಿಗ್ಗುತ್ತಿದ್ದರೆ, ಬಣ್ಣ ಒಂದೇ ಸಮನಾಗಿ ಇಲ್ಲದಿದ್ದರೆ, ರಕ್ತ ಒಸರುತ್ತಿದ್ದರೆ, ಉಗುರಿನ ಉದ್ದಕ್ಕೂ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಚರ್ಮವೈದ್ಯರಿಗೆ ತೋರಿಸಬೇಕು. ತೊಡೆಸಂದು, ಕಂಕುಳು, ಕತ್ತಿನ ಗಂಟು ಎರಡು ಮೂರು ವಾರವಾದರೂ ಕರಗದಿದ್ದರೆ ಸೂಜಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಸ್ನಾನ ಮಾಡುವಾಗ ವಾರಕ್ಕೊಮ್ಮೆಯಾದರೂ ಅಂಗಾಲನ್ನು ಎತ್ತಿ ನೋಡಿಕೊಳ್ಳುವುದಕ್ಕೆ ಯಾವ ಖರ್ಚೂ ಇಲ್ಲ.